ಜಟ್ಟಪ್ಪನ ಎಡಗೈ

ಬಂದಳಿಕೆಯ ಜಟ್ಟಪ್ಪನ ಎಡಗೈ ಹುಟ್ಟಿದಾಗಿನಿಂದ ಒಮ್ಮೆಯೂ ಮುರಿದಿಲ್ಲ. ಆದರೆ ಆ ಕೈಗೆ ಬಿದ್ದಷ್ಟು ಪ್ಲಾಸ್ಟರು ಶಿಕಾರಿಪುರ ತಾಲ್ಲೂಕಿನ ಯಾವ ಗೋಡೆಗೂ ಬಿದ್ದಿಲ್ಲ. ಹದಿನೆಂಟು ವರ್ಷದಲ್ಲಿ ಅದಕ್ಕೆ ಸುತ್ತಿ ಬಿಚ್ಚಿದ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದರೆ ಒಂದು ತುದಿ ಆಸ್ಪತ್ರೆಯ ಬಾಗಿಲಲ್ಲಿ, ಇನ್ನೊಂದು ತುದಿ ಸೊರಬ ದಾಟಿ, ಘಟ್ಟ ಇಳಿದು, ಸಮುದ್ರದಲ್ಲಿ ಇರುತ್ತಿತ್ತು. ಮೀನಿಗೆ ಕಾಲಿಲ್ಲ ಎಂಬ ಒಂದೇ ಕಾರಣಕ್ಕೆ ಅಷ್ಟೂ ದಂಡವಾಗುತ್ತಿತ್ತು.

ಜಟ್ಟಪ್ಪ ಹುಟ್ಟಿದ ಊರೇ ಅಂಥದ್ದು. ಬಂದಳಿಕೆಯ ಪಾಳು ಗುಡಿಗಳಲ್ಲಿ ಕೈ ಇಲ್ಲದ ಕಲ್ಲಿನ ಹೆಂಗಸರು, ಮೊಣಕಾಲಿಗೇ ಮುಗಿದುಹೋದ ಕಲ್ಲಿನ ಗಂಡಸರು, ಸೊಂಡಿಲು ಕಳೆದುಕೊಂಡ ಕಲ್ಲಿನ ಆನೆಗಳು. ಒಟ್ಟಾರೆ ಊರೇ ಒಂದು ಮೂಳೆ ವಾರ್ಡು, ಸಾವಿರ ವರ್ಷದಿಂದ ಡಾಕ್ಟರು ರೌಂಡಿಗೆ ಬಂದಿಲ್ಲ ಅಷ್ಟೆ. ಅಲ್ಲಿಂದ ಅವನು ಶಿಕಾರಿಪುರಕ್ಕೆ ಬಂದು ಉಚ್ಚಂಗಪ್ಪ ಸ್ಮಾರಕ ಟ್ರಸ್ಟ್ ಆಸ್ಪತ್ರೆಯಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ. ಗೇಟಿನಿಂದ ಪ್ಲಾಸ್ಟರ್ ಕೋಣೆಗೆ ಬಡ್ತಿ ಸಿಕ್ಕಿದ್ದು ಬಾಯಿಯಿಂದ.

ಆ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆ ಕಲಿಯಲು ಎಂಬಿಬಿಎಸ್ ಮುಗಿಸಿದ ಹುಡುಗರು ಬರುತ್ತಾರೆ. ರೆಸಿಡೆಂಟ್ ಎಂದರೆ ಅಲ್ಲೇ ವಾಸ ಮಾಡುವವರು ಎಂದರ್ಥ, ಅದರಲ್ಲಿ ಸುಳ್ಳೇನೂ ಇಲ್ಲ. ಮೂರು ವರ್ಷ ಅವರು ಸೂರ್ಯನನ್ನು ನೋಡುವುದು ಎಕ್ಸ್‌ರೇ ಹಿಡಿದು ಕಿಟಕಿಗೆ ಎತ್ತಿದಾಗ ಮಾತ್ರ. ಅವರ ಗುರು ಡಾಕ್ಟರ್ ಹೇಮಂತ್. ಹದಿನೆಂಟು ವರ್ಷದ ಹಿಂದೆ ಅವರು ಮೊದಲ ಇಬ್ಬರು ರೆಸಿಡೆಂಟುಗಳಿಗೆ ಪ್ಲಾಸ್ಟರು ಸುತ್ತುವುದನ್ನು ಕುರ್ಚಿಯ ಕಾಲಿನ ಮೇಲೆ ಕಲಿಸುತ್ತಿದ್ದಾಗ, ಚಹಾ ತಂದ ಗೇಟಿನ ಜಟ್ಟಪ್ಪ ನಿಂತು ನೋಡಿ, "ಸಾರ್, ಕುರ್ಚಿ ಬಿಗಿಯಾತು ಅಂತ ಬಾಯಿ ಬಿಡ್ತದೇನ್ರೀ? ನನ್ ಕೈಗೆ ಸುತ್ರಿ, ನಾ ಹೇಳ್ತೀನಿ" ಎಂದ. ಮಾರನೆಯ ದಿನ ಗೇಟಿಗೆ ಬೇರೆಯವರು ಬಂದರು.

ಅಂದಿನಿಂದ ಅದೇ ಪದ್ಧತಿ. ಹೊಸ ರೆಸಿಡೆಂಟು ರೋಗಿಯ ಕೈಗೆ ಸ್ವತಂತ್ರವಾಗಿ ಪ್ಲಾಸ್ಟರು ಹಾಕುವ ಮೊದಲು ಜಟ್ಟಪ್ಪನ ಎಡಗೈಗೆ ಹಾಕಬೇಕು. ಮೊದಲು ಹತ್ತಿ, ಆಮೇಲೆ ನೀರಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿದ ಪಟ್ಟಿ. ಪಟ್ಟಿಯನ್ನು ಉರುಳಿಸಬೇಕು, ಎಳೆಯಬಾರದು. ಜಟ್ಟಪ್ಪ ಕೈಯನ್ನು ಹೆಗಲ ಟವೆಲ್ಲಿನ ಜೋಳಿಗೆಯಲ್ಲಿ ಮಲಗಿಸಿಕೊಂಡು, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು, ಆಮೇಲೆ ತೀರ್ಪು ಕೊಡುತ್ತಾನೆ. ತೀರ್ಪು ಮೂರೇ. ಸಡಿಲವಾದರೆ 'ಅಂಗಿ'. ಬಿಗಿಯಾದರೆ 'ನೇಣು'. ಸರಿಯಾಗಿದ್ದರೆ 'ಬಳೆ'. ಅವನ ಬಾಯಿಂದ 'ಬಳೆ' ಬಂದ ಮೇಲೆಯೇ ಡಾಕ್ಟರ್ ಹೇಮಂತ್ ಲಾಗ್‌ಬುಕ್ಕಿಗೆ ಸಹಿ ಹಾಕುವುದು. ಚಿನ್ನದ ಪದಕ ತಂದ ಒಬ್ಬ ಹುಡುಗ ಹನ್ನೊಂದು ಸಲ ನೇಣಾಗಿ, ಹನ್ನೆರಡನೆಯ ಸಲ ಬಳೆಯಾದಾಗ ಕೋಣೆಯಲ್ಲೇ ಅತ್ತನಂತೆ. ಹೀಗೆ ಜಟ್ಟಪ್ಪ ಮೂವತ್ತೈದು ಮೂಳೆ ಡಾಕ್ಟರುಗಳನ್ನು ತಯಾರು ಮಾಡಿದ್ದ. ಏಳನೆಯ ಕ್ಲಾಸು ಫೇಲಾದವನ ಲೆಕ್ಕಕ್ಕೆ ಇದು ಕಡಿಮೆಯೇನಲ್ಲ.

ಇಂಥ ಕೈ ಆರು ತಿಂಗಳ ಹಿಂದೆ ಸತ್ತುಹೋಗಿತ್ತು.

ಸಾವು ಕಾಲಿಂದ ಶುರುವಾಗಿತ್ತು. ಒಂದು ಸಂಜೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದು ಬಂದವನನ್ನು ಹೆಂಡತಿ ಮಹಾದೇವಮ್ಮ ಬಾಗಿಲಲ್ಲೇ ತಡೆದು, "ಇನ್ನೊಂದು ಚಪ್ಪಲಿ ಯಾರಿಗೆ ದಾನ ಮಾಡಿ ಬಂದ್ರಿ?" ಎಂದಳು. ನೋಡಿಕೊಂಡರೆ ಬಲಗಾಲು ಬರಿಗಾಲು. ಎಲ್ಲಿ ಬಿತ್ತೋ ಗೊತ್ತಿಲ್ಲ. ಆಮೇಲೆ ಕೈಗೆ ಬಂತು. ಒಲೆಯ ಪಕ್ಕ ಕೂತು ಮಾತಾಡುತ್ತಿದ್ದಾಗ, "ಏನೇ ಇದು, ಏನೋ ಸೀದ ವಾಸನೆ?" ಎಂದು ಅವನೇ ಕೇಳಿದ. ಮಹಾದೇವಮ್ಮ ತಿರುಗಿ ನೋಡಿ ಕಿರುಚಿದಳು. "ನಿಮ್ ಕೈ ಕಣ್ರೀ! ಹೆಂಚಿನ ಮ್ಯಾಲೆ ಐತಿ!" ಜಟ್ಟಪ್ಪ ಕೈ ತೆಗೆದು ನೋಡಿದ. ಬಸ್ಸಿನಲ್ಲಿ ಪಕ್ಕದವನ ಸೀಟಿನ ಮೇಲಿರುವ ಚೀಲವನ್ನು ನೋಡುವ ಹಾಗೆ ನೋಡಿದ. ಎಡಗೈ ಮೊಣಕೈವರೆಗೆ, ಬಲಗೈಯಲ್ಲಿ ಬೆರಳ ತುದಿಯಷ್ಟು, ಇದ್ದೂ ಇಲ್ಲದ ಹಾಗಿತ್ತು.

"ಆಸ್ಪತ್ರಿಯಾಗೆ ಕೆಲಸ ಮಾಡ್ತೀರಿ, ಒಂದ್ ಸಲ ತೋರಿಸ್ಬಾರ್ದಾ?" ಎಂದಳು ಮಹಾದೇವಮ್ಮ.

"ಮಿಠಾಯಿ ಅಂಗಡಿಯವ ಮಿಠಾಯಿ ತಿಂತಾನೇನೇ?" ಎಂದ ಜಟ್ಟಪ್ಪ.

ತೋರಿಸದಿದ್ದ ಕಾರಣ ಬೇರೆ. ಪಟ್ಟಿ ಹರಿಯುವುದು, ಬಕೆಟ್ಟಿಗೆ ನೀರು ತುಂಬುವುದು, ನೆಲಕ್ಕೆ ಬಿದ್ದ ಸುಣ್ಣ ಗುಡಿಸುವುದು ಯಾರಿಗೆ ಬೇಕಾದರೂ ಬರುತ್ತದೆ. ಜಟ್ಟಪ್ಪ ಜಟ್ಟಪ್ಪನಾಗಿದ್ದದ್ದು ಆ ಒಂದು ಕೈಯಿಂದ. ಅದು ಹೋಯಿತು ಎಂದು ಗೊತ್ತಾದರೆ ಅವನು ಮತ್ತೆ ಗೇಟಿನವನು. ಈಗ ಗೇಟಿಗೂ ಕ್ಯಾಮೆರಾ ಬಂದಿತ್ತು. ಆದ್ದರಿಂದ ಸುಮ್ಮನಿದ್ದ. ಹೊಸಬರು ಬರುವುದು ಇನ್ನೂ ತಡ, ಅಷ್ಟರಲ್ಲಿ ಕೈ ಎದ್ದರೂ ಎದ್ದೀತು ಎಂದುಕೊಂಡ. ಬೇಜಾರು ಕೂಡ ಆಗಲಿಲ್ಲ. ಜೋಮು ಮೊಣಕೈಗೆ ನಿಲ್ಲದೆ ಒಳಗೂ ಹತ್ತಿತ್ತೋ ಏನೋ.

ಕೈ ಏಳಲಿಲ್ಲ. ಶರಣ್ಯ ಬಂದಳು.

ಸೊರಬದ ಹುಡುಗಿ. ಕಾಲೇಜಿನ ಹಗ್ಗಜಗ್ಗಾಟದ ತಂಡದಲ್ಲಿ ಎಲ್ಲರ ಹಿಂದೆ, ಹಗ್ಗ ಸೊಂಟಕ್ಕೆ ಸುತ್ತಿಕೊಂಡು ನಿಲ್ಲುತ್ತಿದ್ದವಳು. ಅವಳು ನಿಂತ ಮೇಲೆ ಎದುರು ತಂಡದವರು ತಾವಾಗಿಯೇ ನಡೆದು ಈಚೆ ಬರುತ್ತಿದ್ದರಂತೆ. ಆ ವರ್ಷ ಸೇರಿದ್ದು ಅವಳೊಬ್ಬಳೇ, ಹಾಗಾಗಿ ಇಬ್ಬರ ಕೆಲಸ. ಮೊದಲ ತಿಂಗಳು ಆಪರೇಷನ್ ಕೋಣೆಯಲ್ಲಿ ಎಕ್ಸ್‌ರೇ ತಡೆಯುವ ಸೀಸದ ನಿಲುವಂಗಿ ತೊಟ್ಟು ರೋಗಿಗಳ ಕಾಲು ಎತ್ತಿ ಹಿಡಿದು ನಿಂತಳು. ಒಂದೊಂದು ಕಾಲು ನಾಲ್ಕು ಗಂಟೆ. ಹಿಡಿದವರಿಗೆ ಪ್ರಶ್ನೆ ಬೇರೆ: "ಈ ನರದ ಹೆಸರೇನು? ಇದು ತುಂಡಾದರೆ ಯಾವ ಬೆರಳು ಏಳುವುದಿಲ್ಲ?" ತಪ್ಪು ಹೇಳಿದರೆ ಕಾಲು ಇನ್ನೂ ಸ್ವಲ್ಪ ಎತ್ತರ. ಎರಡನೆಯ ತಿಂಗಳು ಬಿದಿರಿಗೆ ಡ್ರಿಲ್ಲು ಹೊಡೆದಳು. ಬಿದಿರಿನ ಆಚೆ ಬದಿಗೆ ಬಲೂನು ಕಟ್ಟಿರುತ್ತಾರೆ. ಮೂಳೆಯ ಆಚೆಗಿರುವ ರಕ್ತನಾಳ ಅದೇ ಎಂದು ತಿಳಿಯಬೇಕು, ಡ್ರಿಲ್ಲು ಎರಡನೆಯ ಗೋಡೆ ದಾಟಿದ ಕ್ಷಣವೇ ನಿಲ್ಲಬೇಕು. ಮೊದಲ ವಾರ ಬಲೂನು ಒಡೆದ ಸದ್ದಿಗೆ ಪೇಟೆಯಲ್ಲಿ ಯಾರೋ ಎಲೆಕ್ಷನ್ ಗೆದ್ದರೆಂದು ಜನ ಹಾರ ತಂದರು.

ಈ ಮಧ್ಯೆ ನಿದ್ದೆ ಎಂಬುದು ಅವಳಿಗೆ ಮದುವೆ ಮನೆಯ ದೂರದ ನೆಂಟರಂತಾಯಿತು. ಮುಖ ಕಂಡರೂ ಮಾತಿಗೆ ಸಿಗದು. ಕಣ್ಣು ತೆರೆದೇ ಇರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಅವಳಿಗಿಂತ ಒಂದು ವರ್ಷ ಹಿರಿಯನಾದ ರಾಹುಲ್ ಹೇಳುತ್ತಿದ್ದ: "ಶುರುವಲ್ಲಿ ಅಳು ಬರುತ್ತೆ. ಆಮೇಲೆ ಅದೂ ಬರಲ್ಲ. ಅಲ್ಲಿಗೆ ಫಸ್ಟ್ ಇಯರ್ ಪಾಸಾದಂಗೆ."

ಮೂರನೆಯ ತಿಂಗಳು, ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಶರಣ್ಯ ಜಟ್ಟಪ್ಪನ ಎಡಗೈಗೆ ಪ್ಲಾಸ್ಟರು ಹಾಕಿದಳು. ಹೊರಗೆ ಸಂತೆಯಷ್ಟು ಜನ. ಜಟ್ಟಪ್ಪ ಟವೆಲ್ಲಿನಲ್ಲಿ ಕೈ ಮಲಗಿಸಿ ಸ್ಟೂಲಿನ ಮೇಲೆ ಕೂತ. ಅರ್ಧ ಗಂಟೆ ಅವನು ಹಳೆಯ ಡಾಕ್ಟರುಗಳ ಕತೆ ಹೇಳಿದ, ನಗಿಸಿದ, ಒಳಗೊಳಗೇ ಕೈಯನ್ನು ಹುಡುಕಿದ. ಕೈ ಸಿಗಲಿಲ್ಲ. ಪ್ಲಾಸ್ಟರು ಬಿಸಿಯಾಗಿ ಆರಿದ್ದು ಕೂಡ ಅವನಿಗೆ ತಿಳಿಯಲಿಲ್ಲ.

"ಏನ್ ಜಟ್ಟಪ್ಪಾ, ಏನಂತಾರೆ ಪರೀಕ್ಷಕರು?" ಎಂದರು ಬಾಗಿಲಲ್ಲಿ ಬಂದು ನಿಂತ ಡಾಕ್ಟರ್ ಹೇಮಂತ್.

ಜಟ್ಟಪ್ಪ ಶರಣ್ಯಳ ಮುಖ ನೋಡಿದ. ಎರಡು ದಿನ ಮಲಗದ ಮುಖ. ಬಳೆ ಎಂದರೂ ನೇಣು ಎಂದರೂ ಅದರಲ್ಲಿ ಏನೂ ಬದಲಾಗುವ ಹಾಗಿರಲಿಲ್ಲ. ಬಾಯಿ ಹದಿನೆಂಟು ವರ್ಷದ ಅಭ್ಯಾಸಕ್ಕೆ ತಾನೇ ತೆರೆಯಿತು.

"ಬಳೆ ಸಾರ್."

ರಾಹುಲ್ ಚಪ್ಪಾಳೆ ತಟ್ಟಿದ. ಮೊದಲ ಸಲಕ್ಕೇ ಬಳೆ, ಆಸ್ಪತ್ರೆಯ ಚರಿತ್ರೆಯಲ್ಲೇ ಇಲ್ಲ! ಸಹಿ ಬಿತ್ತು. ಡಾಕ್ಟರ್ ಆಪರೇಷನ್ನಿಗೆ ನಡೆದರು. ಜನದ ಗದ್ದಲದಲ್ಲಿ ಜಟ್ಟಪ್ಪನ ಕೈಯ ಪ್ಲಾಸ್ಟರು ಕತ್ತರಿಸುವುದು ಎಲ್ಲರಿಗೂ ಮರೆಯಿತು. ನೋವಿದ್ದರೆ ಅವನಿಗಾದರೂ ನೆನಪಾಗುತ್ತಿತ್ತು.

ಹನ್ನೊಂದೂವರೆಗೆ ಕುಬಟೂರಿನ ಬಂಗಾರಮ್ಮ ಒಳಗೆ ಬಂದಳು. ಅರವತ್ತು ದಾಟಿದ ಹೆಂಗಸು, ಐದು ದಿನದ ಹಿಂದೆ ಕೊಟ್ಟಿಗೆಯಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಊತ ಇಳಿಯಲೆಂದು ಅರ್ಧ ಪಟ್ಟಿ ಕಟ್ಟಿ ಕಳಿಸಿದ್ದರು. ಇವತ್ತು ಮೂಳೆ ಕೂರಿಸಿ ಪೂರ್ತಿ ಪ್ಲಾಸ್ಟರು. ಮುರಿದ ಜಾಗಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟರು, ರಾಹುಲ್ ಮೊಣಕೈ ಹಿಡಿದ, ಶರಣ್ಯ ಎಳೆದಳು. ಮೂಳೆ ಮೊದಲ ಎಳೆತಕ್ಕೇ ಹೆದರಿ ಜಾಗಕ್ಕೆ ಹೋಗಿ ಕೂತಿತು. ಆಮೇಲೆ ಹತ್ತಿ, ಪಟ್ಟಿ.

"ಬಿಗಿ ಅನ್ಸುತ್ತಾ ಅಜ್ಜಿ?"

"ಸೂಜಿ ಹಾಕೀರಲ್ಲ ಮಾರಾಯ್ತಿ, ಕೈ ಐತೋ ಇಲ್ವೋ ಅನ್ನದೇ ಗೊತ್ತಾಗ್ತಿಲ್ಲ" ಎಂದಳು ಬಂಗಾರಮ್ಮ.

"ಜಟ್ಟಪ್ಪ ಅವರಿಗೆ ಹಾಕಿದ ಹಾಗೇ ಹಾಕಿದ್ದೀನಿ" ಎಂದಳು ಶರಣ್ಯ ರಾಹುಲನಿಗೆ.

ಅಷ್ಟು ಸಾಕಾಗಿತ್ತು. ಬೆರಳು ನೋಡಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಪುಸ್ತಕದಲ್ಲಿ ನೋಡಬೇಕೆಂದಿತ್ತು, ಉಗುರು ಒತ್ತಿ ಬಿಟ್ಟರೆ ಎರಡು ಎಣಿಸುವುದರಲ್ಲಿ ಕೆಂಪಾಗಬೇಕೆಂದೂ ಇತ್ತು. ಆದರೆ ಜಟ್ಟಪ್ಪನ ಬಾಯಿ ಇದ್ದಲ್ಲಿ ಪುಸ್ತಕ ಯಾರಿಗೆ ಬೇಕು? ಒಂದು ಗಂಟೆ ಕೂತು ಹೋಗಿ ಎಂದರೆ ಬಂಗಾರಮ್ಮ ಹನ್ನೆರಡೂವರೆ ಬಸ್ಸು ತಪ್ಪುತ್ತದೆ, ಎಮ್ಮೆ ತನ್ನನ್ನು ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ ಎಂದಳು. ಕೈ ಎತ್ತಿ ಇಟ್ಟುಕೊಳ್ಳಿ, ಬೆರಳು ಆಡಿಸಿ, ನೀಲಿಯಾದರೆ ಓಡಿ ಬನ್ನಿ ಎಂದು ಶರಣ್ಯ ಹೇಳಿದಳು. ಬಂಗಾರಮ್ಮ ಉತ್ತರ ಗೊತ್ತಿರುವ ಶಾಲೆಯ ಹುಡುಗಿಯಂತೆ ಕೈ ಎತ್ತಿಕೊಂಡೇ ಆನವಟ್ಟಿ ಬಸ್ಸು ಹತ್ತಿದಳು.

ಜಟ್ಟಪ್ಪ ಊಟಕ್ಕೆಂದು ಸ್ಟೋರಿನಲ್ಲಿ ಕೂತಾಗ ಎರಡೂಮುಕ್ಕಾಲು. ಬುತ್ತಿ ಬಿಚ್ಚಲು ಟವೆಲ್ಲು ತೆಗೆದ. ಎಡಗೈಯ ಐದು ಬೆರಳೂ ನೇರಳೆ ಹಣ್ಣಿನಂತಿದ್ದವು. ನೋಡಿದರೆ ಯಾರೋ ಉಪ್ಪು ಹಚ್ಚಿ ತಿನ್ನಬೇಕು, ಹಾಗೆ. ಬಲಗೈಯಿಂದ ಒಂದು ಉಗುರು ಒತ್ತಿ ಬಿಟ್ಟ. ಬಿಳಿಯಾಯಿತು, ಬಿಳಿಯಾಗಿಯೇ ಉಳಿಯಿತು. ಒಂಬತ್ತರವರೆಗೆ ಎಣಿಸಿ ನಿಲ್ಲಿಸಿದ. ಕತ್ತರಿ ತಂದು ಪ್ಲಾಸ್ಟರು ಸೀಳಿದ. ಚರ್ಮದ ಮೇಲೆ ಪಟ್ಟಿಯ ಒಂದೊಂದು ಸುತ್ತೂ ಉತ್ತ ಗದ್ದೆಯ ಸಾಲಿನಂತೆ ಅಚ್ಚಾಗಿತ್ತು. ನೋವಿಲ್ಲ. ಹೆದರಿಕೆಯೂ ಬರಲಿಲ್ಲ. ಹೆದರಿಕೆ ಬರಬೇಕಾದ ಜಾಗದಲ್ಲಿ ಒಂದು ಖಾಲಿ ಸ್ಟೂಲು ಇಟ್ಟ ಹಾಗಿತ್ತು.

ಆಮೇಲೆ ಅವನಿಗೆ ಬಂಗಾರಮ್ಮನ ಎತ್ತಿದ ಕೈ ನೆನಪಾಯಿತು.

ಸುಮ್ಮನಿರಬಹುದಿತ್ತು. ಊತ ಬಾರದೆಯೂ ಇರಬಹುದು, ಬಂದರೆ ಮುದುಕಿ ತಾನೇ ಬಂದಾಳು. ರಿಜಿಸ್ಟರಿನಲ್ಲಿದ್ದ ಫೋನು ಪಕ್ಕದ ಮನೆಯವರದು. ಮೂರು ಸಲ ಮಾಡಿದ, 'ಸಂಪರ್ಕಕ್ಕೆ ಸಿಗುತ್ತಿಲ್ಲ' ಎಂದಿತು. ಅವನು ಕತ್ತರಿಯನ್ನೂ ಪ್ಲಾಸ್ಟರು ಅಗಲಿಸುವ ಇಕ್ಕಳವನ್ನೂ ಕೈಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ತಾನೇ ಹೋಗಿ ಕತ್ತರಿಸಿ ಬಂದರಾಯಿತು. ನೀರು ತಾಗಿತ್ತು, ಬದಲಾಯಿಸಬೇಕು ಎಂದು ನಾಳೆ ಕರೆದರಾಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕೈ ಉಳಿಯುತ್ತದೆ, ಮುದುಕಿಯದೂ, ತನ್ನದೂ.

ಬಸ್ಸು ನಿಂತಿತ್ತು. ಹತ್ತಲು ಕಾಲಿಡುವಾಗ ಚೀಲದ ಹಿಡಿಯ ಮೇಲೆ ರಕ್ತ ಕಂಡಿತು. ಸ್ಟೋರಿನಲ್ಲಿ ತನ್ನ ಪ್ಲಾಸ್ಟರು ಸೀಳುವಾಗ ಕತ್ತರಿಯ ಮೂತಿ ಎಡ ಮುಂಗೈಯ ಅಡಿಬದಿಗೆ ಎರಡು ಅಂಗುಲ ಗೀರಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಕೊಯ್ದ ಬಲಗೈಯೂ ಹೇಳಿರಲಿಲ್ಲ, ಕೊಯ್ಯಿಸಿಕೊಂಡ ಎಡಗೈಯೂ ಹೇಳಿರಲಿಲ್ಲ. ಈ ಕೈಯಲ್ಲಿ ಮುದುಕಿಯ ಕೈ ಸೀಳುವುದೆಂದರೆ, ಕತ್ತಲಲ್ಲಿ ಹಲಸಿನ ಹಣ್ಣು ಹೆಚ್ಚಿದಂತೆ.

"ಏ ಯಜಮಾನ್ರೇ, ಹತ್ತಾದೋ ಇಳಿಯಾದೋ ಒಂದು ಮಾಡ್ರಿ" ಎಂದ ಕಂಡಕ್ಟರ್.

ಜಟ್ಟಪ್ಪ ಇಳಿದ.

ಡ್ಯೂಟಿ ಕೋಣೆಯಲ್ಲಿ ಶರಣ್ಯ ಚಿತ್ರಾನ್ನದ ಡಬ್ಬಿಯ ಮುಂದೆ, ಚಮಚ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಜಟ್ಟಪ್ಪ ಕೆಮ್ಮಿದ.

"ಮೇಡಮ್ಮೋರೇ, ಬೆಳಿಗ್ಗೆ ನಾ ಬಳೆ ಅಂದಿದ್ದು ಸುಳ್ಳ್ರೀ."

"ಏನು?"

"ಕೈ ಸತ್ತು ಆರು ತಿಂಗಳಾತು. ಬಿಗಿಯೂ ಗೊತ್ತಾಗಂಗಿಲ್ಲ, ಸಡಿಲವೂ ಗೊತ್ತಾಗಂಗಿಲ್ಲ." ಬೆರಳು ಮುಂದೆ ಹಿಡಿದ. ಬಣ್ಣ ಇನ್ನೂ ಪೂರ್ತಿ ಮರಳಿರಲಿಲ್ಲ. "ನೇಣಿತ್ತು. ಆಯಮ್ಮಂಗೂ ಅದೇ ಹಾಕೀರಿ."

ಶರಣ್ಯ ಕಿಸೆಯಿಂದ ಬಾಲ್‌ಪೆನ್ನು ತೆಗೆದು, "ಆ ಕಡೆ ನೋಡಿ" ಎಂದಳು. ಅವನು ಕಿಟಕಿಯ ಕಡೆ ನೋಡಿದ. "ಎಷ್ಟು ಸಲ ಚುಚ್ಚಿದೆ?"

"ಇನ್ನೂ ಚುಚ್ಚಿಲ್ಲಲ್ರೀ?"

ತಿರುಗಿ ನೋಡಿದರೆ ಅಂಗೈ ತುಂಬ ನೀಲಿ ಚುಕ್ಕೆ, ರಂಗೋಲಿ ಬಿಡಿಸುವಷ್ಟು.

ಅವಳು ಬೈಯಲಿಲ್ಲ, ಅಳಲಿಲ್ಲ. ಚಮಚ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ರಾಹುಲನಿಗೆ ಫೋನು ಮಾಡಿ, ಸಾರ್ ಆಪರೇಷನ್ನಿನಿಂದ ಬಂದ ಕೂಡಲೇ ಹೇಳು ಎಂದಳು. ಸ್ಕೂಟಿಯ ಕೀಲಿ ತೆಗೆದುಕೊಂಡಳು. "ಮನೆ ಹುಡುಕಬೇಕು, ಫೋನು ಮಾಡ್ತಾ ಇರಬೇಕು. ಹತ್ತಿ" ಎಂದಳು.

ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಆನವಟ್ಟಿ. ಆ ಸ್ಕೂಟಿ ಹೋದ ವೇಗಕ್ಕೆ ರಸ್ತೆ ಬದಿಯ ಮೈಲಿಗಲ್ಲುಗಳು ಓದಿಸಿಕೊಳ್ಳಲು ಹೆದರಿ ತಿರುಗಿ ನಿಂತವು. ಹೊಂಡಗಳನ್ನು ಅದು ಇಳಿಯಲಿಲ್ಲ, ಮೇಲಿಂದಲೇ ದಾಟಿತು. ಹಿಂದೆ ಕೂತ ಜಟ್ಟಪ್ಪನಿಗೆ ಹೊಂಡಗಳು ಸೊಂಟದಿಂದ ಮೇಲೆ ಮಾತ್ರ ತಿಳಿದವು. ಪಕ್ಕದ ಮನೆಯ ಫೋನು ಸಿಗಲೇ ಇಲ್ಲ. ದಾರಿಯುದ್ದಕ್ಕೂ ಶರಣ್ಯ ಎರಡೇ ಮಾತಾಡಿದಳು. ಶಿರಾಳಕೊಪ್ಪದಲ್ಲಿ, "ಪಟ್ಟಿ ಹಾಕಿದ್ದು ಎಷ್ಟೊತ್ತಿಗೆ?" ಎಂದಳು. ಹನ್ನೊಂದೂಮುಕ್ಕಾಲು ಎಂದ. ಆನವಟ್ಟಿಯಲ್ಲಿ, "ಆರು ಗಂಟೆ ರಕ್ತ ಹೋಗದಿದ್ದರೆ ಕೈಯ ಮಾಂಸ ಸಾಯುತ್ತೆ. ಆಮೇಲೆ ಬೆರಳು ಹಕ್ಕಿ ಕಾಲಿನ ಹಾಗೆ ಮಡಚಿಕೊಂಡು ಹಾಗೇ ಉಳಿಯುತ್ತೆ" ಎಂದಳು. ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವ ದನಿ. ಆಗ ನಾಲ್ಕು ಗಂಟೆ.

ಕುಬಟೂರಿನಲ್ಲಿ ಮನೆ ಹುಡುಕಬೇಕಾಗಿಯೇ ಇರಲಿಲ್ಲ. ಗುಡಿಯ ಹಿಂದಿನ ಕೇರಿಯಲ್ಲಿ, ಜಗಲಿಯ ಮೇಲೆ ಬಂಗಾರಮ್ಮ ಕೂತಿದ್ದಳು. ಡಾಕ್ಟರಮ್ಮ ಕೈ ಎತ್ತಿ ಇಟ್ಟುಕೋ ಎಂದಿದ್ದಳಲ್ಲ, ಎಮ್ಮೆಯ ಹಗ್ಗ ತಂದು ಪ್ಲಾಸ್ಟರಿನ ಕೈಯನ್ನು ಜಗಲಿಯ ತೊಲೆಗೆ ಕಟ್ಟಿಸಿಕೊಂಡಿದ್ದಳು. ಕಟ್ಟಿದ ಸಾವಿತ್ರಿಬಾಯಿ, ಆ ಫೋನಿನ ಪಕ್ಕದ ಮನೆಯವಳು, ಗಾಳಿ ಹಾಕುತ್ತಿದ್ದಳು. ಮುದುಕಿಯ ಮುಖ ಬೂದಿಯಾಗಿತ್ತು. ಬೆರಳು ಜಟ್ಟಪ್ಪ ಸ್ಟೋರಿನಲ್ಲಿ ಕಂಡ ಬಣ್ಣವೇ.

"ನೋವಿದೆಯಾ ಅಜ್ಜಿ?"

"ಮಧ್ಯಾಹ್ನದಿಂದ ಜೀವ ಹೋಗ್ತಾ ಐತೆ ಮಾರಾಯ್ತಿ."

"ಮತ್ತೆ ಯಾಕೆ ಬರಲಿಲ್ಲ? ನೀಲಿಯಾದರೆ ಓಡಿ ಬನ್ನಿ ಅಂದಿದ್ನಲ್ಲ!"

"ಬಿಗಿ ಇದ್ರೇನೆ ಎಲುಬು ಕೂಡ್ಕಳದು ಅಂತ ನಾನೇ ತಡ್ಕಳಕ್ಕೆ ಹೇಳ್ದೆ" ಎಂದಳು ಸಾವಿತ್ರಿಬಾಯಿ ಹೆಮ್ಮೆಯಿಂದ. "ಎಂಥಾ ಗಟ್ಟಿ ಕೆಲ್ಸ ಮಾಡೀರಿ ನೀವು! ಊರೆಲ್ಲ ಬಂದು ನೋಡ್ಕಂಡು ಹೋದ್ರು."

ಶರಣ್ಯ ಬಂಗಾರಮ್ಮನ ಒಂದು ಬೆರಳನ್ನು ಮೆಲ್ಲಗೆ ನೇರ ಮಾಡಿದಳು. ಆ ಕಿರುಚಾಟಕ್ಕೆ ಗುಡಿಯ ಗೋಪುರದ ಪಾರಿವಾಳಗಳು ಎದ್ದು ಸೊರಬದಲ್ಲೇ ಇಳಿದಿರಬೇಕು. ಹಗ್ಗ ಬಿಚ್ಚಿ, ಜಟ್ಟಪ್ಪನ ಚೀಲದಿಂದ ಕತ್ತರಿ ತೆಗೆದು ಹಾಕಿದಳು. ಜಟ್ಟಪ್ಪ ಎದುರಿಗೆ ಕೂತು ಮೊಣಕೈ ಹಿಡಿದ. ಹಿಡಿದಿದ್ದೇನೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಕೊಳ್ಳುತ್ತ ಹಿಡಿದ. ಸುಣ್ಣ ಸೀಳಿತು. ಇಕ್ಕಳ ಹಾಕಿ ಅಗಲಿಸಿದಳು. ಹತ್ತಿಯನ್ನೂ, ಒಳಗಿನ ಕೊನೆಯ ಎಳೆಯವರೆಗೂ, ಚರ್ಮ ಕಾಣುವ ತನಕ ಕತ್ತರಿಸಿದಳು.

ಆಮೇಲೆ ಮಾಡುವುದೇನೂ ಇರಲಿಲ್ಲ. ಮೂರೂ ಜನ ಐದು ಬೆರಳು ನೋಡುತ್ತ ಕೂತರು. ಸಾವಿತ್ರಿಬಾಯಿ ಅಯ್ಯೋ, ಅಷ್ಟು ಚಂದದ್ದನ್ನ ಒಡೆದರಲ್ಲ ಎನ್ನುತ್ತಿದ್ದಳು. ಶರಣ್ಯ ಉಗುರು ಒತ್ತಿದಳು, ಬಿಟ್ಟಳು, ಎಣಿಸಿದಳು. ಎಂಟು. ಇನ್ನೊಮ್ಮೆ. ಏಳು. ಒಂದು ಆಳು ಗದ್ದೆ ನಾಟಿ ಮಾಡಿ, ಕೊಯ್ದು, ಬಡಿದು, ಅಕ್ಕಿ ಮಾಡಿಸಿ ಮನೆಗೆ ತರುವಷ್ಟು ಹೊತ್ತಾದ ಮೇಲೆ ಅದು ಐದಾಯಿತು. ನಾಲ್ಕು. ಬೆರಳಿನ ಬುಡದಿಂದ ಬಣ್ಣ ಇಳಿಯತೊಡಗಿತು.

"ಇರುವೆ ಹರಿದಂಗೆ ಆಗ್ತಾ ಐತೆ" ಎಂದಳು ಬಂಗಾರಮ್ಮ. "ಅಯ್ಯಯ್ಯಪ್ಪಾ, ಇರುವೆ ಅಲ್ಲ, ಕಚ್ಚೋ ಕೆಂಜುಗ!"

ಶರಣ್ಯ ಮತ್ತೆ ಬೆರಳು ನೇರ ಮಾಡಿದಳು. ಈ ಸಲ ಮುದುಕಿ ಹಲ್ಲು ಕಚ್ಚಿದಳಷ್ಟೆ. ಉಗುರು ಒತ್ತಿ ಬಿಟ್ಟಳು. ಎರಡು.

ಶರಣ್ಯ ಮೆಟ್ಟಿಲ ಮೇಲೆ ಕೂತಳು. ಕತ್ತರಿ ಕೆಳಗಿಟ್ಟು ತನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳು ಅದನ್ನು ಬೇರೆಯವರ ಕೈಯಂತೆ ನೋಡುತ್ತಿದ್ದಳು. ಸಾವಿತ್ರಿಬಾಯಿ ಚಹಾ ತಂದುಕೊಟ್ಟಳು. ಜಟ್ಟಪ್ಪ ಸ್ಟೀಲಿನ ಲೋಟವನ್ನು ಎಡಗೈಯಲ್ಲಿ ಹಿಡಿದು ಸುಮ್ಮನೆ ಕೂತ.

"ಬಿಸಿ ಇದೆ, ಕೆಳಗಿಡಿ" ಎಂದಳು ಶರಣ್ಯ, ಅವನ ಕಡೆ ನೋಡದೆ.

ಇಟ್ಟ.

ಬಂಗಾರಮ್ಮನನ್ನು ಅರ್ಧ ಪಟ್ಟಿ ಕಟ್ಟಿ, ಟೆಂಪೋ ಮಾಡಿ, ಎರಡು ದಿನ ವಾರ್ಡಿನಲ್ಲಿ ಇಟ್ಟುಕೊಂಡು, ಊತ ಇಳಿದ ಮೇಲೆ ಎರಡನೆಯ ಪ್ಲಾಸ್ಟರು ಹಾಕಿ ಕಳಿಸಿದರು. ಎಮ್ಮೆಗೆ ಸಾವಿತ್ರಿಬಾಯಿ ಬಂಗಾರಮ್ಮನ ಸೀರೆ ಉಟ್ಟು ಹೋಗಿ ಹಾಲು ಕರೆದಳಂತೆ.

ಮಾರನೆಯ ಬೆಳಿಗ್ಗೆ ಡಾಕ್ಟರ್ ಹೇಮಂತ್ ಜಟ್ಟಪ್ಪನ ಎಡಗೈ ಹಿಡಿದು ಒಂದು ಗಂಟೆ ನೋಡಿದರು. ಸೂಜಿ, ಹತ್ತಿ, ಗುಂಯ್‌ಗುಡುವ ಕವಲು ಕಬ್ಬಿಣ, ಎಲ್ಲ ಇಟ್ಟರು. ಸಕ್ಕರೆ ಪರೀಕ್ಷೆ ಮಾಡಿಸಿದರು. ಮುನ್ನೂರ ಎಂಬತ್ತು ಬಂತು, ಕೈಯ ನರ ತಿಂದಿದ್ದು ಅದೇ. ಅಷ್ಟು ಸಕ್ಕರೆಯಲ್ಲಿ ಆನವಟ್ಟಿಯ ಎಲ್ಲ ಹೋಟೆಲ್ಲುಗಳ ಒಂದು ದಿನದ ಚಹಾ ಆಗುತ್ತಿತ್ತು.

"ಎಷ್ಟು ವರ್ಷದಿಂದ ಇರಬಹುದು ಇದು?" ಎಂದರು ಡಾಕ್ಟರು. ಜಟ್ಟಪ್ಪನಿಗೆ ಗೊತ್ತಿರಲಿಲ್ಲ. "ನನಗೂ ಗೊತ್ತಿಲ್ಲ. ಹದಿನೆಂಟು ವರ್ಷ ನಿನ್ನ ಕೈ ನೋಡಿದೀನಿ, ನಿನ್ನ ನೋಡಿಲ್ಲ" ಎಂದರು. ಶರಣ್ಯಳನ್ನೂ ರಾಹುಲನನ್ನೂ ಕರೆದು, ಅವಳ ಲಾಗ್‌ಬುಕ್ಕು ತೆಗೆದು ಸೋಮವಾರದ ಸಹಿಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ಶರಣ್ಯಾ, ತಪ್ಪು ನಿಂದೂ ಹೌದು, ನಂದೂ ಹೌದು. ಬೆರಳು ನೋಡು ಅಂತ ಕಲಿಸಬೇಕಾಗಿತ್ತು, ಜಟ್ಟಪ್ಪನ್ನ ಕೇಳು ಅಂತ ಕಲಿಸಿದೆ. ಇನ್ನು ಮೇಲೆ ಒಬ್ಬರ ಕೈಗೆ ಒಬ್ಬರು ಹಾಕಿಕೊಳ್ಳಿ. ಹಾಕಿಸಿಕೊಂಡವರು ಎರಡು ದಿನ ಅದರಲ್ಲೇ ಡ್ಯೂಟಿ ಮಾಡಿ. ಈ ಕೈಗೆ ಇನ್ನು ಒಂದು ಸುತ್ತು ದಾರವನ್ನೂ ಯಾರೂ ಕಟ್ಟಕೂಡದು."

"ಹಂಗಾರೆ ನಾ ಮನಿಗೆ ಹೋಗ್ಲೇನ್ ಸಾರ್?" ಎಂದ ಜಟ್ಟಪ್ಪ.

"ಮೊದಲು ಮಾತ್ರೆ ತಗೊ" ಎಂದರು ಡಾಕ್ಟರು.

ಮನೆಗೆ ಹೋಗು ಎಂದು ಯಾರೂ ಹೇಳದ್ದರಿಂದ ಅವನು ಬರುತ್ತಲೇ ಇದ್ದ. ಪಟ್ಟಿ ಹರಿದ, ನೀರು ತುಂಬಿದ, ಸುಣ್ಣ ಗುಡಿಸಿದ. ಕತ್ತರಿ ಮುಟ್ಟುವಂತಿರಲಿಲ್ಲ. ಸ್ಟೂಲು ಗೋಡೆಗೆ ಸರಿಯಿತು. ಮಹಾದೇವಮ್ಮ ಚಹಾಕ್ಕೆ ಸಕ್ಕರೆ ನಿಲ್ಲಿಸಿದಳು, ಹೊಸ ಚಪ್ಪಲಿಗೆ ಹಿಂದಿನಿಂದ ಪಟ್ಟಿ ಹೊಲಿಸಿದಳು. ಬೇಸರವಾಯಿತೇ ಎಂದು ಕೇಳಿದಳು. ಅವನು ಒಳಗೆಲ್ಲ ಹುಡುಕಿ, ಸಿಕ್ಕಲಿಲ್ಲ ಎಂದ. ಎಡಗೈಯಲ್ಲಿ ಹದಿನೆಂಟು ವರ್ಷದಿಂದ ಹುಟ್ಟದ ಕೂದಲು ಒಂದೊಂದಾಗಿ ಹುಟ್ಟಿತು. ಶರಣ್ಯ ಅವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅದಕ್ಕೆ ಸಿಟ್ಟು ಕಾರಣವೋ ನಿದ್ದೆ ಕಾರಣವೋ, ಅವಳಿಗೂ ತಿಳಿದಿರಲಾರದು.

ಆರು ವಾರ ಕಳೆದು ಬಂಗಾರಮ್ಮ ಪ್ಲಾಸ್ಟರು ಬಿಚ್ಚಿಸಲು ಬಂದಳು. ಆ ದಿನ ಶರಣ್ಯಳ ಎಡಗೈಯಲ್ಲಿ ರಾಹುಲ್ ಬೆಳಿಗ್ಗೆ ತಾನೇ ಹಾಕಿದ ಪ್ಲಾಸ್ಟರಿತ್ತು. ಒಂದೇ ಕೈಯಲ್ಲಿ ಅವಳು ಮುದುಕಿಯದನ್ನು ಕತ್ತರಿಸಿ, "ಮುಷ್ಟಿ ಹಿಡೀರಿ" ಎಂದಳು. ಬಂಗಾರಮ್ಮ ಹಿಡಿದಳು. ಬಿಟ್ಟಳು. ಹಿಡಿದಳು. ಐದೂ ಬೆರಳು ಹೇಳಿದ ಮಾತು ಕೇಳಿದವು.

"ಎಲ್ಲಾ ಸರಿ, ಆದ್ರೂ ಈ ಎರಡ್ನೇದು ಸಡಿಲ ಇತ್ತು ಮಾರಾಯ್ತಿ" ಎಂದಳು ಬಂಗಾರಮ್ಮ ಎದ್ದು ನಿಂತು. "ಆ ಮೊದಲ್ನೇದು ಐತಲ್ಲ, ಅದು ಕೆಲ್ಸ."

ಅವಳು ಹೋದ ಮೇಲೆ ಶರಣ್ಯ ಬಕೆಟ್ಟಿನ ಮೇಲೆ ಬಲಗೈ ತೊಳೆಯಲು ಬಗ್ಗಿದಳು. ನೀರು ಹೊಯ್ಯುತ್ತಿದ್ದ ಜಟ್ಟಪ್ಪ ಚೆಂಬು ನಿಲ್ಲಿಸಿ, ಅವಳ ಎಡಗೈಯ ಬೆರಳು ನೋಡಿದ. ಕೇಳದೆಯೇ ಒಂದು ಉಗುರು ಒತ್ತಿದ. ಎಷ್ಟು ಒತ್ತಿದನೋ ಅವನಿಗೆ ತಿಳಿಯಲಿಲ್ಲ. ಉಗುರು ಬಿಳಿಯಾಗಿದ್ದು ಕಂಡಿತು. ಎಣಿಸಿದ.

"ನೇಣು" ಎಂದ.

"ನನಗೇನೂ ಹಾಗೆ ಅನ್ನಿಸ್ತಿಲ್ಲ" ಎಂದಳು ಶರಣ್ಯ.

"ಈಗ ಅನ್ಸಂಗಿಲ್ರೀ. ಇನ್ನೊಂದು ಅರ್ಧ ಗಂಟೆ ತಡೀರಿ."

ಅವಳು ಹುಬ್ಬು ಗಂಟಿಕ್ಕಿ ಹೋಗಿ ಮುಂದಿನ ರೋಗಿಯನ್ನು ಕರೆದಳು. ಜಟ್ಟಪ್ಪ ನೆಲ ಗುಡಿಸಿದ. ಇಪ್ಪತ್ತು ನಿಮಿಷಕ್ಕೆ ಅವಳು ತಿರುಗಿ ಬಂದು, ಗೋಡೆಯ ಬಳಿ ಇದ್ದ ಸ್ಟೂಲನ್ನು ಕಾಲಿಂದ ಎಳೆದು ಕೂತು, ಮೇಜಿನ ಮೇಲೆ ಕೈ ಚಾಚಿ ರಾಹುಲನನ್ನು ಕೂಗಿದಳು.

"ಕತ್ತರಿ ತಗೊಂಡು ಬಾರೋ. ಜಟ್ಟಪ್ಪ ಅವರೇ, ನೀವು ಇಲ್ಲೇ ಇರಿ. ಬೆರಳು ನೋಡ್ತಾ ಇರಿ."

ಜಟ್ಟಪ್ಪ ಪೊರಕೆ ಗೋಡೆಗೆ ಒರಗಿಸಿ ಬಂದು ನಿಂತು, ನೋಡತೊಡಗಿದ.